ಮುದಿ ನಾಯಿಯ ಬಾಯೊಳಗೆ ಒಮ್ಮೆ ನೋಡಿ

(ನಾಯಿ ಸಾಕುವವರ ಭಾನುವಾರದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ನಂತರ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾಯಿಗೆ ಹತ್ತು ವರ್ಷ ದಾಟಿದ ಮೇಲೆ ಕ್ಲಿನಿಕ್ಕಿಗೆ ಕರೆತರುವವರು ಒಂದು ಮಾತು ಹೇಳಿಯೇ ಹೇಳುತ್ತಾರೆ: “ಬಾಯಿ ಸ್ವಲ್ಪ ವಾಸನೆ ಬರುತ್ತೆ ಡಾಕ್ಟ್ರೇ, ವಯಸ್ಸಾಯ್ತಲ್ಲ.” ಅವರು ಬಂದಿರುವುದು ಕಾಲುನೋವಿಗೋ, ತುರಿಕೆಗೋ, ರೇಬಿಸ್ ಲಸಿಕೆಗೋ ಇರುತ್ತದೆ. ಬಾಯಿಯ ವಿಚಾರ ನೆನಪಾಗುವುದು ಹೊರಡುವ ಹೊತ್ತಿಗೆ. ಇವತ್ತು ನಾನು ಆ ಮಾತಿನ ಬಗ್ಗೆಯೇ ಮಾತಾಡಬೇಕೆಂದು ಬಂದಿದ್ದೇನೆ. ಬರೀ ವಯಸ್ಸಾಯಿತೆಂದು ಯಾವ ನಾಯಿಯ ಬಾಯೂ ನಾರುವುದಿಲ್ಲ. ನಾರುತ್ತಿದ್ದರೆ ಒಳಗೆ ಕಾಯಿಲೆ ಇದೆ. ಬಹಳಷ್ಟು ಸಲ ಅದು ಒಸಡಿನ ಸೋಂಕು, ಹುಳುಕಾದ ಅಥವಾ ಮುರಿದ ಹಲ್ಲು. ಕೆಲವು ಸಲ ಗಡ್ಡೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ಸೋಂಕಿನ ಮರೆಯಲ್ಲಿ ಗಡ್ಡೆ ತಿಂಗಳುಗಟ್ಟಲೆ ಬೆಳೆಯುತ್ತದೆ.

ನಾಯಿಗಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು ಆರು ಬಾಯಿಯವು. ಅಪರೂಪವೇನಲ್ಲ. ದೇಹದ ಹೊರಗೆ ಎಲ್ಲಿ ಗಂಟು ಬಂದರೂ ಸ್ನಾನ ಮಾಡಿಸುವಾಗ, ಮೈ ಸವರುವಾಗ ಕೈಗೆ ಸಿಗುತ್ತದೆ. ಬಾಯೊಳಗಿನದು ಸಿಗುವುದಿಲ್ಲ. ಮೇಲಾಗಿ ನಾಯಿ ಅಷ್ಟು ಸುಲಭಕ್ಕೆ ಊಟ ಬಿಡುವ ಪ್ರಾಣಿಯಲ್ಲ. ಅನ್ನವನ್ನಾಗಲಿ ಚಪಾತಿಯನ್ನಾಗಲಿ ಅದು ನಮ್ಮ ಹಾಗೆ ಅಗಿದು ತಿನ್ನುವುದು ಕಡಿಮೆ, ನುಂಗುವುದೇ ಹೆಚ್ಚು. ಹಾಗಾಗಿ ದವಡೆಯಲ್ಲಿ ನೋವಿದ್ದರೂ ತಟ್ಟೆ ಖಾಲಿಯಾಗುತ್ತದೆ. ತಟ್ಟೆ ಖಾಲಿಯಾಗುತ್ತಿದೆ ಎಂದು ಮನೆಯವರೂ ನಿಶ್ಚಿಂತರಾಗಿರುತ್ತಾರೆ. ಊಟ ನಿಂತ ಮೇಲೆ ನಮ್ಮ ಹತ್ತಿರ ಬರುವ ಹೊತ್ತಿಗೆ ಗಡ್ಡೆ ನಿಂಬೆಹಣ್ಣಿನಷ್ಟಾಗಿರುತ್ತದೆ. ಇದನ್ನು ಮತ್ತೆ ಮತ್ತೆ ನೋಡಿ ನನಗೆ ಬೇಸರವಾಗಿದೆ. ಈ ವಿಷಯ ಆರಿಸಿಕೊಳ್ಳಲು ಅದೇ ಕಾರಣ.

ಊಟ ನಿಲ್ಲುವುದಕ್ಕೆ ಮುಂಚೆ ಕಾಣುವ ಗುರುತುಗಳು ಚಿಕ್ಕವು. ಒಬ್ಬ ಗೃಹಿಣಿ ತಮ್ಮ ಹನ್ನೊಂದು ವರ್ಷದ ಕಾಕರ್ ಸ್ಪ್ಯಾನಿಯಲ್ ಬಗ್ಗೆ ಹೇಳಿದ್ದು ನನಗೆ ಈಗಲೂ ಒಳ್ಳೆಯ ಉದಾಹರಣೆ. “ಚಪಾತಿ ಚೂರು ಯಾವಾಗಲೂ ಎಡಗಡೆಯಿಂದಲೇ ಬೀಳುತ್ತೆ ಸರ್. ಬಿದ್ದಿದ್ದನ್ನ ಎತ್ತಿಕೊಂಡು ತಲೆ ಬಲಕ್ಕೆ ವಾಲಿಸಿ ತಿನ್ನುತ್ತೆ.” ಇಷ್ಟೇ ಅವರ ದೂರು. ನಾಯಿಯ ತೂಕ ಇಳಿದಿರಲಿಲ್ಲ, ಉತ್ಸಾಹ ಕುಂದಿರಲಿಲ್ಲ. ಎಡಗಡೆಯ ತುಟಿ ಎತ್ತಿ ನೋಡಿದರೆ ಮೇಲಿನ ದವಡೆಯ ಹಿಂದಿನ ಹಲ್ಲುಗಳ ಪಕ್ಕ, ಒಸಡಿನ ಮೇಲೆ, ನಸುಗೆಂಪು ಬಣ್ಣದ ಒಂದು ಗಂಟು. ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಆ ತಾಯಿಯ ಕಣ್ಣು ಎಷ್ಟು ಸೂಕ್ಷ್ಮವೆಂದರೆ, ಅವರು ಇನ್ನೆರಡು ತಿಂಗಳು ತಡ ಮಾಡಿದ್ದರೆ ನಾವು ಮಾಡಬಹುದಾದದ್ದು ಬಹಳ ಕಡಿಮೆ ಇರುತ್ತಿತ್ತು.

ಗಮನಿಸಬೇಕಾದವು ಇಂಥವೇ: ಮೊದಲಿಲ್ಲದ ಜೊಲ್ಲು, ಅದರಲ್ಲೂ ರಕ್ತದ ಎಳೆ ಸೇರಿದ ಜೊಲ್ಲು, ನೀರಿನ ಬಟ್ಟಲಲ್ಲಿ, ಆಟದ ಚೆಂಡಿನ ಮೇಲೆ, ಮಲಗುವ ಚಾಪೆಯ ಮೇಲೆ ಕೆಂಪು ಕಲೆ, ಒಂದೇ ಕಡೆಯಿಂದ ಅಗಿಯುವುದು, ಇಷ್ಟದ ಮೂಳೆಯನ್ನು ಮೂಸಿ ಬಿಟ್ಟುಬಿಡುವುದು, ಮುಖ ಮುಟ್ಟಿದರೆ ತಲೆ ಹಿಂದಕ್ಕೆ ಎಳೆದುಕೊಳ್ಳುವುದು, ಕಣ್ಣಿನ ಕೆಳಗೆ ಊತ, ಒಂದೇ ಹೊಳ್ಳೆಯಿಂದ ಸೋರುವುದು. ಗಡ್ಡೆ ಮೇಲಿನ ದವಡೆಯ ಹಿಂಭಾಗದಲ್ಲಿದ್ದರೆ ಆ ಕಡೆಯ ಕಣ್ಣು ಸ್ವಲ್ಪ ಮುಂದಕ್ಕೆ ಬಂದ ಹಾಗೆ ಕಾಣಬಹುದು. ಇನ್ನೊಂದು ಗುರುತನ್ನು ನಾನು ಒತ್ತಿ ಹೇಳುತ್ತೇನೆ. ಬಾಯಿಯ ಉಳಿದ ಹಲ್ಲುಗಳೆಲ್ಲ ಗಟ್ಟಿಯಾಗಿದ್ದು, ಸ್ವಚ್ಛವಾಗಿದ್ದು, ಒಂದು ಜಾಗದ ಒಂದೆರಡು ಹಲ್ಲು ಮಾತ್ರ ಅಲುಗಾಡುತ್ತಿದ್ದರೆ ಅದನ್ನು ಬರೀ ಹಲ್ಲಿನ ತೊಂದರೆ ಎಂದು ಬಿಡಬೇಡಿ. ಬೇರಿನ ಸುತ್ತಲಿನ ಮೂಳೆಯನ್ನು ಏನೋ ತಿನ್ನುತ್ತಿದೆ ಎಂದು ಅರ್ಥ. ಹಲ್ಲು ಕೀಳಿಸಿದ ಮೇಲೆ ಆ ಗುಳಿ ಎರಡು ಮೂರು ವಾರವಾದರೂ ಮಾಯದೆ, ಅಲ್ಲಿಂದ ಮಾಂಸ ಬೆಳೆಯುತ್ತಿದ್ದರೂ ಇದೇ ಮಾತು.

ಬಾಯಿ ನೋಡುವುದು ಹೇಗೆ? ತಿಂಗಳಿಗೊಮ್ಮೆ, ನಾಯಿ ಸುಸ್ತಾಗಿ ಕೂತಿರುವಾಗ, ಬೆಳಕಿರುವ ಕಡೆ. ಬಾಯಿ ಅಗಲಿಸುವುದಕ್ಕೆ ಮೊದಲೇ ಹೋಗಬೇಡಿ. ಮೊದಲು ಮುಚ್ಚಿದ ಬಾಯಿಯಲ್ಲೇ ಒಂದು ಕಡೆಯ ತುಟಿಯನ್ನು ಹೆಬ್ಬೆರಳಿನಿಂದ ಮೇಲೆತ್ತಿ. ಬಾಚಿಹಲ್ಲಿನಿಂದ ಕೋರೆಹಲ್ಲು, ಅಲ್ಲಿಂದ ತುಟಿಯ ಮೂಲೆಯನ್ನು ಹಿಂದಕ್ಕೆ ಎಳೆದು ದವಡೆಹಲ್ಲಿನವರೆಗೆ ನೋಡಿ. ಕೆಳದುಟಿಯನ್ನೂ ಕೆಳಕ್ಕೆ ಮಡಚಿ ಒಳಭಾಗ ನೋಡಿ. ಇನ್ನೊಂದು ಕಡೆಯೂ ಹಾಗೇ. ಎಡ ಬಲ ಹೋಲಿಸುವುದೇ ಇದರ ಗುಟ್ಟು. ಒಂದು ಕಡೆ ಇರುವುದು ಇನ್ನೊಂದು ಕಡೆ ಇಲ್ಲದಿದ್ದರೆ ಅನುಮಾನಪಡಿ. ಆಮೇಲೆ ಒಂದು ಕೈಯಲ್ಲಿ ಮೇಲಿನ ದವಡೆ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಕೆಳಗಿನ ಬಾಚಿಹಲ್ಲುಗಳನ್ನು ಒತ್ತಿದರೆ ಬಾಯಿ ತೆರೆಯುತ್ತದೆ. ಅಂಗುಳ, ನಾಲಿಗೆಯ ಮೇಲ್ಭಾಗ ಕಾಣುತ್ತದೆ. ಕೊನೆಗೆ ಕೆಳದವಡೆಯ ಮೂಲೆಯಲ್ಲಿ, ಕುತ್ತಿಗೆ ಶುರುವಾಗುವ ಕಡೆ, ಎರಡೂ ಬದಿ ಬೆರಳಾಡಿಸಿ. ಅಲ್ಲಿ ದುಗ್ಧಗ್ರಂಥಿಗಳಿವೆ (ಲಿಂಫ್ ನೋಡ್). ಒಂದು ಕಡೆ ದಪ್ಪಗೆ, ಗಟ್ಟಿಯಾಗಿ ಸಿಕ್ಕರೆ ಹೇಳಿ. ಕಚ್ಚುವ ಸ್ವಭಾವದ ನಾಯಿಗೆ, ನೋವಿನಲ್ಲಿರುವ ನಾಯಿಗೆ ಇದ್ಯಾವುದನ್ನೂ ನೀವು ಮಾಡಬೇಡಿ, ನಮಗೆ ಬಿಡಿ. ನಾಲಿಗೆಯ ಅಡಿ ಮತ್ತು ಟಾನ್ಸಿಲ್ ಎಚ್ಚರದ ನಾಯಿಯಲ್ಲಿ ನಮಗೂ ಸರಿಯಾಗಿ ಕಾಣುವುದಿಲ್ಲ. ಅರಿವಳಿಕೆ ಕೊಟ್ಟೇ ನೋಡಬೇಕು.

ಏನೋ ಗಂಟು ಕಂಡಿತು ಅಂದುಕೊಳ್ಳಿ. ಗಂಟೆಲ್ಲ ಕ್ಯಾನ್ಸರ್ ಅಲ್ಲ. ಮರಿ ನಾಯಿಯ ತುಟಿಯ ಮೇಲೆ ಹೂಕೋಸಿನ ಹಾಗೆ ಬರುವ ನರುಲಿಗಳು ವೈರಸ್‌ನವು, ಕೆಲವು ವಾರಗಳಲ್ಲಿ ತಾವಾಗಿಯೇ ಉದುರುತ್ತವೆ. ಬಾಕ್ಸರ್ ತಳಿಯಲ್ಲಿ ಒಸಡೇ ದಪ್ಪಗಾಗಿ ಹಲ್ಲು ಮುಚ್ಚುವುದುಂಟು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ಚರ್ಮದ ಅಲರ್ಜಿಗೆ ಕೊಡುವ ಸೈಕ್ಲೋಸ್ಪೊರಿನ್ ಮಾತ್ರೆಗಳಿಂದಲೂ ಒಸಡು ಹೀಗೆ ಬೆಳೆಯುತ್ತದೆ. ಹಲ್ಲಿನ ಬುಡದ ಅಂಗಾಂಶದಿಂದ ಹುಟ್ಟುವ ನಿರುಪದ್ರವಿ ಗಡ್ಡೆಗಳಿವೆ, ಅವನ್ನು ಎಪ್ಯುಲಿಸ್ ಅನ್ನುತ್ತಿದ್ದರು. ಆ ಗುಂಪಿನಲ್ಲೇ ಒಂದು ಸ್ವಲ್ಪ ಬೇರೆ: ಅಕ್ಯಾಂಥೋಮ್ಯಾಟಸ್ ಅಮೆಲೊಬ್ಲಾಸ್ಟೋಮಾ. ಇದು ಶ್ವಾಸಕೋಶಕ್ಕೋ ಇನ್ನೆಲ್ಲಿಗೋ ಹರಡುವುದಿಲ್ಲ, ಆದರೆ ಕೆಳಗಿನ ಮೂಳೆಯೊಳಕ್ಕೆ ಇಳಿಯುತ್ತದೆ. ಮೇಲಿಂದ ಸವರಿ ತೆಗೆದರೆ ಖಂಡಿತ ಮತ್ತೆ ಬರುತ್ತದೆ. ಸುತ್ತ ಒಂದು ಸೆಂಟಿಮೀಟರ್ ಮೂಳೆ ಸಮೇತ ತೆಗೆದರೆ ಬಹುತೇಕ ಎಲ್ಲ ನಾಯಿಗಳೂ ಪೂರ್ತಿ ಗುಣವಾಗುತ್ತವೆ.

ನಮ್ಮ ಬೀದಿಗಳಲ್ಲಿ ಕಾಣುವ ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬೀದಿ ನಾಯಿಗಳಿಗೆ ಅನ್ನ ಹಾಕುವವರು ಇಲ್ಲಿ ತುಂಬ ಜನ ಇದ್ದೀರಿ. ಟಿ.ವಿ.ಟಿ. (ಟ್ರಾನ್ಸ್‌ಮಿಸಿಬಲ್ ವೆನೀರಿಯಲ್ ಟ್ಯೂಮರ್) ಎಂಬ ಗಡ್ಡೆ. ಇದರ ಜೀವಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಸಾಮಾನ್ಯವಾಗಿ ಜನನಾಂಗದಲ್ಲಿರುತ್ತದೆ, ಮೂಸುವುದರಿಂದ ನೆಕ್ಕುವುದರಿಂದ ಮೂಗಿಗೂ ಬಾಯಿಗೂ ಬರುತ್ತದೆ. ನೋಡಲು ಭಯಂಕರ, ರಕ್ತ ಸುರಿಯುತ್ತಿರುತ್ತದೆ. ಆದರೆ ಸೂಜಿಯಲ್ಲಿ ಸ್ವಲ್ಪ ಕೋಶ ತೆಗೆದು ಗಾಜಿನ ಸ್ಲೈಡಿನ ಮೇಲೆ ನೋಡಿದರೆ ಗೊತ್ತಾಗುತ್ತದೆ. ವಾರಕ್ಕೊಂದರಂತೆ ನಾಲ್ಕರಿಂದ ಆರು ಸಲ, ಕ್ಯಾನ್ಸರ್ ಔಷಧವಾದ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ನಾಯಿಗಳು ಗುಣವಾಗುತ್ತವೆ. “ಮುಖ ಕೊಳೆತು ಹೋಗಿದೆ, ಇದಕ್ಕೆ ಏನೂ ಮಾಡಲಾಗದು” ಎಂದು ಯಾರಾದರೂ ಹೇಳಿದ ಬೀದಿ ನಾಯಿಯನ್ನು ದಯವಿಟ್ಟು ಒಮ್ಮೆ ಪರೀಕ್ಷೆಗೆ ತನ್ನಿ.

ಈಗ ಮೂರು ಮುಖ್ಯ ಕ್ಯಾನ್ಸರ್‌ಗಳು. ಮೊದಲನೆಯದು ಮೆಲನೋಮಾ, ಅಂದರೆ ಬಣ್ಣ ತಯಾರಿಸುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಮುದಿ ನಾಯಿಯ ಬಾಯಿಯ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ಇದು, ಅತಿ ಬೇಗ ಹರಡುವುದೂ ಇದೇ. ಸರಾಸರಿ ಹನ್ನೊಂದು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಕಾಕರ್ ಸ್ಪ್ಯಾನಿಯಲ್, ಪೂಡಲ್, ಚೌ ಚೌ, ಡ್ಯಾಶ್‌ಹಂಡ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹೆಚ್ಚು, ಆದರೆ ಯಾವ ನಾಯಿಗೂ ಬರಬಹುದು. ಮೆಲನೋಮಾ ಅಂದ ಕೂಡಲೇ ಕಪ್ಪು ಗಡ್ಡೆ ಎಂದು ಓದಿದವರು ತಿಳಿದಿರುತ್ತಾರೆ. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ನಮ್ಮ ನಾಡ ನಾಯಿಗಳಲ್ಲಿ, ಲ್ಯಾಬ್ರಡಾರ್‌ಗಳಲ್ಲಿ ಒಸಡು, ಅಂಗುಳ, ನಾಲಿಗೆಯ ಮೇಲೆ ಹುಟ್ಟಿನಿಂದಲೇ ಕಪ್ಪು ಮಚ್ಚೆಗಳಿರುತ್ತವೆ. ಚಪ್ಪಟೆಯಾಗಿ, ನುಣುಪಾಗಿ, ವರ್ಷಗಳಿಂದ ಹಾಗೇ ಇದ್ದರೆ ಅದು ಬರೀ ಬಣ್ಣ. ಅದಕ್ಕೆ ಹೆದರಬೇಡಿ. ಇನ್ನೊಂದು ಕಡೆ, ಬಾಯಿಯ ಮೆಲನೋಮಾಗಳಲ್ಲಿ ಸುಮಾರು ಮೂರರಲ್ಲೊಂದು ಭಾಗಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ. ಒಸಡಿನ ಬಣ್ಣದಲ್ಲೇ ಇರುತ್ತವೆ. ಆ ಕಾಕರ್ ಸ್ಪ್ಯಾನಿಯಲ್‌ನ ನಸುಗೆಂಪು ಗಂಟು ಅಂಥದ್ದೇ ಆಗಿತ್ತು. ಆದ್ದರಿಂದ ಬಣ್ಣ ನೋಡಿ ಧೈರ್ಯ ತಂದುಕೊಳ್ಳಬೇಡಿ, ಬಣ್ಣ ನೋಡಿ ಗಾಬರಿಯೂ ಆಗಬೇಡಿ. ಉಬ್ಬಿದೆಯೇ, ಬೆಳೆಯುತ್ತಿದೆಯೇ ಎಂದು ನೋಡಿ.

ಮೆಲನೋಮಾದಲ್ಲಿ ಗಾತ್ರವೇ ಆಯುಸ್ಸನ್ನು ಹೇಳುತ್ತದೆ. ಗಡಿ 2 ಸೆಂಟಿಮೀಟರ್. ಒಂದು ರೂಪಾಯಿ ನಾಣ್ಯ ಹೆಚ್ಚು ಕಡಿಮೆ ಅಷ್ಟೇ ಅಗಲ. ಅದರೊಳಗಿರುವಾಗ, ಎಲ್ಲಿಗೂ ಹರಡದಿರುವಾಗ, ಸರಿಯಾಗಿ ಶಸ್ತ್ರಚಿಕಿತ್ಸೆ ಮಾಡಿದ ನಾಯಿಗಳು ಸರಾಸರಿ ಒಂದೂವರೆ ವರ್ಷದ ಹತ್ತಿರ ಬದುಕಿದ್ದು ದಾಖಲಾಗಿದೆ. ಅದಕ್ಕಿಂತ ದೊಡ್ಡದಾಗಿದ್ದರೆ, ಗ್ರಂಥಿಗೆ ಹೋಗಿದ್ದರೆ ಐದಾರು ತಿಂಗಳು. ಹನ್ನೊಂದು ವರ್ಷದ ನಾಯಿಗೆ ಒಂದೂವರೆ ವರ್ಷ ಅಂದರೆ ಅದು ಸಣ್ಣ ಅವಧಿಯಲ್ಲ. ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ ಎಂದು ನಾನು ಗೋಗರೆಯುವುದು ಈ ಎರಡು ಸೆಂಟಿಮೀಟರಿಗಾಗಿ.

ಉಳಿದ ಎರಡನ್ನು ಬೇಗ ಹೇಳುತ್ತೇನೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯ ಮೇಲ್ಪದರದ ಕೋಶಗಳ ಕ್ಯಾನ್ಸರ್, ಒಸಡಿನಲ್ಲಿ, ಅದರಲ್ಲೂ ಬಾಯಿಯ ಮುಂಭಾಗದಲ್ಲಿ ಬಂದರೆ ಭರವಸೆ ಇಟ್ಟುಕೊಳ್ಳಬಹುದು. ನಿಧಾನಕ್ಕೆ ಹರಡುತ್ತದೆ, ಮೂಳೆಯನ್ನು ತಿನ್ನುತ್ತದೆ. ಕೆಳದವಡೆಯ ಆ ಭಾಗವನ್ನು ತೆಗೆದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಒಂದು ವರ್ಷ ದಾಟಿರುತ್ತವೆ. ಅದೇ ಕಾಯಿಲೆ ಟಾನ್ಸಿಲ್‌ನಲ್ಲಿ ಶುರುವಾದರೆ ಚಿತ್ರವೇ ಬೇರೆ. ಗೊತ್ತಾಗುವಷ್ಟರಲ್ಲಿ ಕುತ್ತಿಗೆಯ ಗ್ರಂಥಿಗೆ ಹೋಗಿರುತ್ತದೆ. ಮೂರನೆಯದು ಫೈಬ್ರೊಸಾರ್ಕೋಮಾ, ನಾರಿನಂಥ ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್. ದೊಡ್ಡ ತಳಿಗಳದ್ದು, ಏಳೆಂಟು ವರ್ಷಕ್ಕೇ ಬರಬಹುದು. ಗೋಲ್ಡನ್ ರಿಟ್ರೀವರ್‌ನ ಮೇಲಿನ ದವಡೆಯಲ್ಲಿ ಬರುವ ಒಂದು ಬಗೆಯ ಬಗ್ಗೆ ಎಚ್ಚರವಿರಲಿ. ಲ್ಯಾಬಿನ ವರದಿಯಲ್ಲಿ ಅದು ಸಾಧು ಗಡ್ಡೆಯ ಹಾಗೆ ಕಾಣುತ್ತದೆ, ನಾಯಿಯ ಮುಖದಲ್ಲಿ ಮಾತ್ರ ವಾರದಿಂದ ವಾರಕ್ಕೆ ಊದುತ್ತದೆ. ವರದಿಯೂ ಮುಖವೂ ಬೇರೆ ಬೇರೆ ಹೇಳಿದರೆ ಮುಖವನ್ನು ನಂಬಿ ಮುಂದುವರಿಯಬೇಕು.

ಇಷ್ಟೆಲ್ಲ ಹೆಸರು ಹೇಳಿದ್ದಕ್ಕೆ ಕಾರಣವಿದೆ. ಕಣ್ಣಿಗೆ ಇವೆಲ್ಲ ಒಂದೇ ತರಹ ಕಾಣುತ್ತವೆ, ನನ್ನ ಕಣ್ಣಿಗೂ. ಎಷ್ಟು ಕತ್ತರಿಸಬೇಕು ಎನ್ನುವುದು ಅದು ಯಾವ ಗಡ್ಡೆ ಎನ್ನುವುದರ ಮೇಲೆ ನಿಂತಿದೆ. ಆದರೂ ಹಲ್ಲು ಸ್ಕೇಲಿಂಗ್ ಮಾಡುವಾಗ, ಅಲುಗುವ ಹಲ್ಲು ಕೀಳುವಾಗ ಪಕ್ಕದಲ್ಲಿ ಕಂಡ ಗಂಟನ್ನು ಹಾಗೇ ಸವರಿ ಕಸದ ಬುಟ್ಟಿಗೆ ಹಾಕುವ ರೂಢಿ ಇನ್ನೂ ಇದೆ. ಗಂಟು ಹೋಯಿತು, ಹೆಸರು ಗೊತ್ತಾಗಲಿಲ್ಲ, ಬೇರು ಒಳಗೇ ಉಳಿಯಿತು. ಎರಡು ತಿಂಗಳಿಗೆ ಮತ್ತೆ ಬಂದಾಗ ಅಂಚು ಎಲ್ಲಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಬಯಾಪ್ಸಿ. ಅರಿವಳಿಕೆಯಲ್ಲಿ ಗಡ್ಡೆಯ ಒಂದು ತುಂಡನ್ನು, ಕೊಳೆತ ಮೇಲ್ಪದರ ಬಿಟ್ಟು ಸ್ವಲ್ಪ ಆಳದಿಂದ, ಬಾಯಿಯ ಒಳಗಿನಿಂದಲೇ ತೆಗೆಯಬೇಕು. ತುಟಿಯ ಹೊರಗಿನಿಂದ ಚರ್ಮ ಸೀಳಿ ತೆಗೆದರೆ ಆರೋಗ್ಯವಾಗಿದ್ದ ಭಾಗಕ್ಕೂ ಕೋಶಗಳು ಬಿತ್ತನೆಯಾಗಬಹುದು. ತುಂಡು ಫಾರ್ಮಾಲಿನ್‌ನಲ್ಲಿ ಲ್ಯಾಬಿಗೆ ಹೋಗಬೇಕು. ನೀವು ಕೇಳಬೇಕಾದ ಪ್ರಶ್ನೆ ಒಂದೇ: “ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತೀರಾ?” ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಇದನ್ನು ಓದಿಸುವ, ನೋಡುವ ತಜ್ಞರಿದ್ದಾರೆ. ನಿಮ್ಮೂರಿನ ಡಾಕ್ಟರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಹೆಸರು ತಿಳಿದ ಮೇಲೆ ಎಲ್ಲೆಲ್ಲಿಗೆ ಹೋಗಿದೆ ಎಂದು ನೋಡಬೇಕು. ಎದೆಯ ಎಕ್ಸ್‌ರೇ. ದವಡೆಯ ಎಕ್ಸ್‌ರೇ, ಅನುಕೂಲವಿದ್ದರೆ ಸಿ.ಟಿ. ಸ್ಕ್ಯಾನ್. ಮೂಳೆ ಸುಮಾರು ನೂರಕ್ಕೆ ನಲವತ್ತರಷ್ಟು ಸವೆಯುವವರೆಗೆ ಸಾದಾ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಎಕ್ಸ್‌ರೇ ಚೆನ್ನಾಗಿದೆ ಅಂದರೆ ಮೂಳೆ ಚೆನ್ನಾಗಿದೆ ಎಂದಲ್ಲ. ಮತ್ತೆ ದುಗ್ಧಗ್ರಂಥಿ. ಕೈಗೆ ದಪ್ಪ ಸಿಗಲಿಲ್ಲ ಎಂದು ಬಿಡುವ ಹಾಗಿಲ್ಲ. ಮೆಲನೋಮಾ ಇದ್ದ ನಾಯಿಗಳಲ್ಲಿ, ಗಾತ್ರ ಮಾಮೂಲಾಗಿದ್ದರೂ ನೂರಕ್ಕೆ ಸುಮಾರು ನಲವತ್ತರಲ್ಲಿ ಗ್ರಂಥಿಯೊಳಗೆ ಕ್ಯಾನ್ಸರ್ ಸಿಕ್ಕಿದೆ. ದಪ್ಪಗಾದ ಗ್ರಂಥಿ ಬರೀ ಹಲ್ಲಿನ ಸೋಂಕಿನಿಂದ ದಪ್ಪಗಾಗಿರುವುದೂ ಅಷ್ಟೇ ಸಾಮಾನ್ಯ. ಎರಡಕ್ಕೂ ಸೂಜಿ ಹಾಕಿ ನೋಡಿದರೇನೇ ಸರಿ.

“ದವಡೆ ತೆಗೆಯಬೇಕು” ಎಂದು ಹೇಳಿದಾಗ ಮನೆಯವರ ಮುಖ ಬಿಳುಚಿಕೊಳ್ಳುತ್ತದೆ. ಹೇಳುವ ನನಗೂ ಅದು ಸುಲಭದ ಮಾತಲ್ಲ. ಮನುಷ್ಯರಿಗೆ ಮಾಡಿದ ಹಾಗೆ ಊಹಿಸಿಕೊಂಡು ಅವರು ಹೆದರುತ್ತಾರೆ. ನಾಯಿಯಲ್ಲಿ ಹಾಗಲ್ಲ. ಕೆಳದವಡೆಯ ಎರಡು ಮೂಳೆಗಳು ಮುಂದೆ ಗದ್ದದಲ್ಲಿ ಕೂಡಿರುತ್ತವೆ. ಒಂದು ಕಡೆಯದನ್ನು ತೆಗೆದರೆ ಇನ್ನೊಂದು ಕಡೆಯದು ಸ್ವಲ್ಪ ಒಳಕ್ಕೆ ಸರಿಯುತ್ತದೆ, ಆಗ ಕೆಳಗಿನ ಕೋರೆಹಲ್ಲು ಅಂಗುಳಕ್ಕೆ ತಾಗಬಹುದು, ಅದನ್ನು ಗಿಡ್ಡ ಮಾಡುತ್ತೇವೆ. ಮುಂಭಾಗ ತೆಗೆದರೆ ನಾಲಿಗೆ ಸ್ವಲ್ಪ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಗದ್ದದ ಕೂದಲು ದಿನಾ ಒರೆಸಬೇಕು. ಬಹುಪಾಲು ನಾಯಿಗಳು ಎರಡು ಮೂರು ದಿನದಲ್ಲಿ ತಾವೇ ತಿನ್ನುತ್ತವೆ. ಅನ್ನ, ಬೇಯಿಸಿದ ಕೋಳಿಯನ್ನು ನುಣ್ಣಗೆ ಕಲಸಿ ಸಣ್ಣ ಉಂಡೆ ಮಾಡಿ, ಒಳ್ಳೆಯ ಕಡೆಯಿಂದ ಕೊಡುತ್ತಾ ಹೋಗಿ. ಒಂದು ತಿಂಗಳು ಗಟ್ಟಿ ಆಟಿಕೆ, ಮೂಳೆ ಬೇಡ. ಮೇಲಿನ ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಚ್ಚು ಹೋಗುತ್ತದೆ, ರಕ್ತ ಕೊಡಬಲ್ಲ ಇನ್ನೊಂದು ಆರೋಗ್ಯವಂತ ನಾಯಿಯನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ನೋಟ ಬದಲಾಗುತ್ತದೆ, ನಿಜ. ಆದರೆ ನೋವಿನ ಗಡ್ಡೆ ಹೋದ ಮೇಲೆ ಬಾಲ ಆಡಿಸುವ ನಾಯಿಯನ್ನು ಕಂಡವರು ಮುಖದ ಬಗ್ಗೆ ಮತ್ತೆ ಮಾತಾಡಿದ್ದು ನಾನು ಕೇಳಿದ್ದು ಬಹಳ ಕಡಿಮೆ.

ರೇಡಿಯೇಷನ್‌ಗೆ ಮೆಲನೋಮಾ ಚೆನ್ನಾಗಿ ಕುಗ್ಗುತ್ತದೆ. ವಿದೇಶಗಳಲ್ಲಿ ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುವ ಪದ್ಧತಿ ಇದೆ. ನಮ್ಮಲ್ಲಿ ಪ್ರಾಣಿಗಳಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲಿ ಆನ್‌ಸೆಪ್ಟ್ ಎಂಬ ಲಸಿಕೆಗೆ 2007ರಲ್ಲಿ ಷರತ್ತಿನ ಪರವಾನಗಿ, 2010ರಲ್ಲಿ ಪೂರ್ತಿ ಪರವಾನಗಿ ಸಿಕ್ಕಿತು. ಬಣ್ಣ ತಯಾರಿಸುವ ಟೈರೊಸಿನೇಸ್ ಎಂಬ ಕಿಣ್ವದ ಮನುಷ್ಯರ ವಂಶವಾಹಿಯನ್ನು ನಾಯಿಗೆ ಕೊಟ್ಟು, ಅದರ ರೋಗನಿರೋಧಕ ಶಕ್ತಿ ಮೆಲನೋಮಾ ಕೋಶಗಳ ಮೇಲೆ ತಿರುಗುವಂತೆ ಮಾಡುವ ಉಪಾಯ. ಇದು ರೋಗ ಬಾರದಂತೆ ತಡೆಯುವ ಲಸಿಕೆಯಲ್ಲ, ಗಡ್ಡೆ ತೆಗೆದ ಮೇಲೆ ಕೊಡುವಂಥದ್ದು. ಮೊದಲ ಫಲಿತಾಂಶಗಳು ಆಸೆ ಹುಟ್ಟಿಸಿದ್ದವು, ಆಮೇಲಿನ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಇದಕ್ಕಾಗಿ ಕಾಯುತ್ತಾ ಶಸ್ತ್ರಚಿಕಿತ್ಸೆ ಮುಂದೂಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಶಸ್ತ್ರಚಿಕಿತ್ಸೆ ಬೇಡ ಎಂದು ತೀರ್ಮಾನಿಸುವ ಮನೆಗಳೂ ಇವೆ. ಗಡ್ಡೆ ಶ್ವಾಸಕೋಶಕ್ಕೆ ಹೋಗಿರಬಹುದು, ಕಿಡ್ನಿ ಕೈಕೊಟ್ಟಿರಬಹುದು, ದುಡ್ಡಿನ ಅಡಚಣೆ ಇರಬಹುದು. ಅದರಲ್ಲಿ ತಪ್ಪಿಲ್ಲ, ನಾಚಿಕೆಪಡಬೇಕಾದದ್ದೂ ಇಲ್ಲ. ಆಗ ನಮ್ಮ ಕೆಲಸ ನೋವು ಕಡಿಮೆ ಮಾಡುವುದು. ನೋವಿಗೆ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಲೆಕ್ಕ ತಪ್ಪಿದರೆ ಯಕೃತ್ತಿಗೆ ಪೆಟ್ಟು. ನಾಯಿಗೆ ಹೊಂದುವ ಔಷಧಗಳಿವೆ, ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಕೊಡುತ್ತೇವೆ. ಗಡ್ಡೆಗೆ ಸುಣ್ಣ ಅರಿಶಿನ ಹಚ್ಚುವುದು, ದಾರ ಕಟ್ಟುವುದು ಬೇಡ, ಹುಣ್ಣಾಗಿ ಇನ್ನಷ್ಟು ನೋಯುತ್ತದೆ. ಕೊಟ್ಟ ಔಷಧಕ್ಕೂ ನೋವು ತಗ್ಗದೆ, ನೀರು ಕುಡಿಯಲೂ ಆಗದೆ, ಬಾಯಿಯಿಂದ ರಕ್ತ ನಿಲ್ಲದೆ ಇದ್ದಾಗ ದಯಾಮರಣದ ಮಾತನ್ನು ನಾವೇ ಎತ್ತುತ್ತೇವೆ. ನೀವು ಮೊದಲು ಎತ್ತಿದರೂ ನಿಮ್ಮ ಪ್ರೀತಿಯನ್ನು ಯಾರೂ ಅನುಮಾನಿಸುವುದಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಮೊದಲು ಎದ್ದು ನಿಂತ ಹಿರಿಯರೊಬ್ಬರು, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಇದು ಅಂಟುತ್ತದೆಯೇ ಎಂದು ಕೇಳಿದರು. ಇಲ್ಲ. ಮಕ್ಕಳಿಗೂ ಅಂಟುವುದಿಲ್ಲ, ಮನೆಯ ಬೆಕ್ಕಿಗೂ ಅಂಟುವುದಿಲ್ಲ. ನಾಯಿಯಿಂದ ನಾಯಿಗೆ ದಾಟುವುದು ನಾನು ಹೇಳಿದ ಟಿ.ವಿ.ಟಿ. ಒಂದೇ. ಬಾಯಲ್ಲಿ ಕೊಳೆತ ಹುಣ್ಣಿರುವಾಗ ಮಗುವಿನ ಮುಖ ನೆಕ್ಕಲು ಬಿಡಬೇಡಿ, ಅದು ಸ್ವಚ್ಛತೆಯ ಮಾತು.

ಮೂಳೆ ಹಾಕಿದ್ದರಿಂದ, ಸಿಹಿ ಕೊಟ್ಟಿದ್ದರಿಂದ ಬಂತೇ ಎಂದು ಒಬ್ಬ ಹುಡುಗಿ ಕೇಳಿದಳು. ದನಿಯಲ್ಲಿ ಅಳು ಇತ್ತು. ಅಲ್ಲಮ್ಮ. ಬಾಯಿಯ ಮೆಲನೋಮಾಕ್ಕೆ ಬಿಸಿಲೂ ಕಾರಣವಲ್ಲ, ನೀನು ಕೊಟ್ಟ ಬಿಸ್ಕತ್ತೂ ಕಾರಣವಲ್ಲ. ವಯಸ್ಸು, ತಳಿ, ಕೋಶಗಳೊಳಗಿನ ಬದಲಾವಣೆ, ಇವು ನಿನ್ನ ಕೈಯಲ್ಲಿ ಇದ್ದದ್ದಲ್ಲ.

ಹದಿಮೂರು ವರ್ಷದ ನಾಯಿಗೆ ಅನಸ್ತೇಶಿಯಾ ತಡೆಯುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ನಾವು ನೋಡುವುದು ವಯಸ್ಸಿಗಿಂತ ಹೃದಯ, ಕಿಡ್ನಿ, ಯಕೃತ್ತಿನ ಸ್ಥಿತಿಯನ್ನು. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೇಕಿದ್ದರೆ ಎಕೋ ಮಾಡಿಸಿ ಸರಿ ಇದ್ದರೆ, ಹದಿಮೂರರ ನಾಯಿಗೂ ಎಚ್ಚರಿಕೆಯಿಂದ ಕೊಡುತ್ತೇವೆ. ಸರಿ ಇಲ್ಲದಿದ್ದರೆ ಎಂಟರ ನಾಯಿಗೂ ಯೋಚಿಸುತ್ತೇವೆ.

ಕೊನೆಯ ಪ್ರಶ್ನೆ, ಶಸ್ತ್ರಚಿಕಿತ್ಸೆಯಾದ ಮೇಲೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕು ಎನ್ನುವುದು. ಹೊಲಿಗೆ ನೋಡಲು ಹತ್ತು ಹದಿನೈದು ದಿನಕ್ಕೆ ಒಮ್ಮೆ ಬನ್ನಿ. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೇ ಎಂದು ಲ್ಯಾಬ್ ಹೇಳುತ್ತದೆ, ಆ ವರದಿಯನ್ನು ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಬಾಯಿ ಮತ್ತು ಎರಡೂ ಕಡೆಯ ಗ್ರಂಥಿ ನೋಡಬೇಕು, ಮೆಲನೋಮಾ ಆಗಿದ್ದರೆ ಜೊತೆಗೆ ಎದೆಯ ಎಕ್ಸ್‌ರೇ. ನಡುವೆ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ತುಟಿ ಎತ್ತಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಹಿಂದಿನದರ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ನಮ್ಮಿಬ್ಬರಿಗೂ ಬೇಗ ಗೊತ್ತಾಗುತ್ತದೆ.